ಎದೆನೋವೇ ಇಲ್ಲದ ಭಾವನಿಗೆ ಸ್ಟೆಂಟ್: ಸೋಮವಾರಪೇಟೆ ಕಡೆಯ ಒಂದು ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಶುರುವಿನ ತಪ್ಪು ನನ್ನದೇ. ಆ ಕರಪತ್ರ ಅಂಟಿಸಿದ್ದು ನನ್ನ ಅಂಗಡಿಯ ಕೌಂಟರಿಗೆ.

ಸೋಮವಾರಪೇಟೆ ಕಡೆ ನನ್ನದೊಂದು ಮೆಡಿಕಲ್ ಶಾಪ್ ಇದೆ. ನಾನು ಡಾಕ್ಟರ್ ಅಲ್ಲ. ಡಿ.ಫಾರ್ಮ ಓದಿ ಇಪ್ಪತ್ತೆರಡು ವರ್ಷದಿಂದ ಮಾತ್ರೆ ಎಣಿಸಿ ಕೊಡುತ್ತಾ ಕೂತವನು. 2025ರ ಜುಲೈ ಮೊದಲ ವಾರ ಮಳೆ ಹಿಡಿದು ಕೂತಿತ್ತು, ಪಕ್ಕದ ಹಾಸನದಲ್ಲಿ ಹೃದಯಾಘಾತದಿಂದ ಸಾಲು ಸಾಲು ಸಾವು ಅಂತ ಟಿವಿಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಅದೇ ಸುದ್ದಿ. ನಮಗೆ ಹಾಸನ ದೂರದ ಊರಲ್ಲ, ಶನಿವಾರಸಂತೆ ದಾಟಿದರೆ ಆ ಜಿಲ್ಲೆಯೇ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗಿನ ಜಾವಕ್ಕೇ ಕ್ಯೂ ನಿಂತ ದೃಶ್ಯ ನೋಡಿದ್ದೇ ತಡ, ನನ್ನ ಅಂಗಡಿಗೆ ಬಂದವರೆಲ್ಲ ಬಿಪಿ ನೋಡಿ, ಶುಗರ್ ನೋಡಿ, ಇಸಿಜಿ ಎಲ್ಲಿ ತೆಗೀತಾರೆ ಅಂತ ಕೇಳೋಕೆ ಶುರು ಮಾಡಿದರು. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗಲೂ ಹೀಗೇ ಆಗಿತ್ತು. ಆಮೇಲೆ ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು, ಹಾಸನದಲ್ಲಿ ಹಿಂದಿಗಿಂತ ಹೃದಯಾಘಾತ ಜಾಸ್ತಿಯೇನೂ ಆಗಿಲ್ಲ ಅಂತ ವರದಿಯೂ ಬಂತು. ಆದರೆ ಸಾವಿನ ಸುದ್ದಿ ಓಡಿದಷ್ಟು ಜೋರಾಗಿ ವರದಿ ಓಡಲಿಲ್ಲ.

ಆ ವಾರವೇ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಮಾರ್ಕೆಟಿಂಗ್ ಹುಡುಗ ಬಂದ. ಹೃದಯ ತಪಾಸಣೆ ಪ್ಯಾಕೇಜ್, ಇಸಿಜಿ, ಎಕೋ ಅನ್ನುವ ಹೃದಯದ ಸ್ಕ್ಯಾನ್, ಟ್ರೆಡ್‌ಮಿಲ್ ಮೇಲೆ ಓಡಿಸಿ ಇಸಿಜಿ ನೋಡುವ ಟಿಎಂಟಿ, ರಕ್ತ ಪರೀಕ್ಷೆ ಎಲ್ಲಾ ಸೇರಿ 1,999 ರೂಪಾಯಿ. ಕರಪತ್ರದ ಜೊತೆ ಗೋಡೆ ಗಡಿಯಾರ ಒಂದು ಕೊಟ್ಟ. "ಪೇಶೆಂಟ್ ಕಳಿಸಿ ಸಾರ್, ನಿಮ್ಮನ್ನೂ ನೋಡ್ಕೋತೀವಿ" ಅಂದ. ಆ ನೋಡಿಕೊಳ್ಳುವ ವಿಷಯಕ್ಕೆ ನಾನು ಹೋಗಲಿಲ್ಲ, ಗಡಿಯಾರ ಮಾತ್ರ ಇಟ್ಟುಕೊಂಡೆ. ಕರಪತ್ರ ಅಂಟಿಸಿದೆ. ಎರಡು ದಿನ ಬಿಟ್ಟು ಅಕ್ಕ ಬಿಪಿ ಮಾತ್ರೆ ತೆಗೆದುಕೊಳ್ಳೋಕೆ ಬಂದವಳು ಅದನ್ನು ಓದಿದಳು.

ರೋಗಿ ಅಂದರೆ ನಮ್ಮ ಭಾವ

ವಯಸ್ಸು 54. ಐದು ಎಕರೆ ಕಾಫಿ, ಹೆಚ್ಚಿನದು ಅರೇಬಿಕಾ, ಕೆಳಗಡೆ ಸ್ವಲ್ಪ ರೊಬಸ್ಟಾ, ನಡುವೆ ಮೆಣಸು. ಬಿಪಿ ಇದೆ, ಅಮ್ಲೋಡಿಪಿನ್ 5 ಮಿಲಿಗ್ರಾಂ ಬರೆದುಕೊಟ್ಟಿದ್ದಾರೆ, ನೆನಪಾದ ದಿನ ನುಂಗುತ್ತಾರೆ. ದಿನಕ್ಕೆ ಆರೇಳು ಬೀಡಿ. ಶುಗರ್ ಇಲ್ಲ, ಅಂಚಿನಲ್ಲಿದೆ. ಅವರ ಅಪ್ಪ 80 ದಾಟಿ ಹೋದವರು, ಹೃದಯದ ಕಾಯಿಲೆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಇನ್ನೊಂದು ವಿಷಯ ಇದೆ. ಮುಂದೆ ಇಡೀ ದಿನ ಆ ಆಸ್ಪತ್ರೆಯಲ್ಲಿ ಯಾರೂ ಕೇಳದೇ ಇದ್ದದ್ದು ಇದನ್ನೇ. ಭಾವ ಜೂನ್‌ನಲ್ಲಿ ಕಾಫಿಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವಾಗ ಕೂಲಿಯವರು ಸಿಗಲಿಲ್ಲ ಅಂತ ತಾವೇ 16 ಲೀಟರಿನ ಸ್ಪ್ರೇಯರ್ ಬೆನ್ನಿಗೆ ಹಾಕಿಕೊಂಡು ಮೂರು ದಿನ ತೋಟದ ಏರು ಹತ್ತಿ ಇಳಿದಿದ್ದರು. ಎದೆನೋವಿಲ್ಲ, ಉಬ್ಬಸವಿಲ್ಲ, ತೋಳು ಸೆಳೆತ ಇಲ್ಲ. ನಮ್ಮ ಕಡೆಯ ಏರು ಗೊತ್ತಲ್ವಾ? ಪೇಟೆಯ ನೆಂಟರು ಬರಿಗೈಯಲ್ಲಿ ಹತ್ತಿದರೂ ಅರ್ಧದಲ್ಲೇ ಕೂತುಬಿಡುತ್ತಾರೆ.

ಅಕ್ಕ ಹಠ ಹಿಡಿದಳು. ಬೆಂಗಳೂರಿನಲ್ಲಿರುವ ಮಗ, ಅಂದರೆ ನನ್ನ ಅಳಿಯ, ಫೋನಿನಲ್ಲೇ ಪ್ಯಾಕೇಜ್ ಬುಕ್ ಮಾಡಿದ. ನಾನೂ "ಒಂದ್ಸಲ ಮಾಡಿಸಿಬಿಡಿ ಭಾವ, ಏನ್ ಹೋಗುತ್ತೆ" ಅಂದೆ. ಆ ಮಾತು ಈಗ ನೆನೆದರೆ ನಾಚಿಕೆಯಾಗುತ್ತದೆ. 4,500 ರೂಪಾಯಿಗೆ ಬಾಡಿಗೆ ಕಾರು ಮಾಡಿಕೊಂಡು ಬೆಳಗ್ಗೆ ಐದಕ್ಕೆ ಹೊರಟು, ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಎಂಟೂವರೆಗೆ ಖಾಲಿ ಹೊಟ್ಟೆಯಲ್ಲಿ ಆಸ್ಪತ್ರೆ ಮುಟ್ಟಿದರು.

ಆ ದಿನ

ಇಸಿಜಿ ಸರಿ ಇತ್ತು. ಎಕೋ ಸರಿ ಇತ್ತು, ಹೃದಯದ ಪಂಪಿಂಗ್ 60 ಪರ್ಸೆಂಟ್, ಅದು ಮಾಮೂಲು. ಆಮೇಲೆ ಟ್ರೆಡ್‌ಮಿಲ್. ಭಾವ ಹತ್ತು ನಿಮಿಷ ಓಡಿದರು, ಅಂದರೆ ಅದರ ನಾಲ್ಕನೇ ಹಂತಕ್ಕೆ ಹೋಗಿದ್ದರು. ಸುಸ್ತಾಯಿತು, ನೋವು ಬರಲಿಲ್ಲ. ಆದರೆ ಕೊನೆಯಲ್ಲಿ ಗ್ರಾಫಿನ ಗೆರೆ ಒಂದೂವರೆ ಮಿಲಿಮೀಟರ್ ಕೆಳಗಿಳಿದಿತ್ತು. ವರದಿಯಲ್ಲಿ "ಪಾಸಿಟಿವ್" ಅಂತ ಬಂತು, ಅಂದರೆ ಓಡುವಾಗ ಹೃದಯಕ್ಕೆ ರಕ್ತ ಸಾಲುತ್ತಿಲ್ಲವೇನೋ ಅನ್ನುವ ಸುಳಿವು. ಮೊದಲಾದರೆ ಪಾಸಿಟಿವ್ ಅಂದರೆ ಒಳ್ಳೇದು ಅಂದುಕೊಂಡು ನಮ್ಮ ಜನ ಖುಷಿಯಾಗಿ ಮನೆಗೆ ಬರುತ್ತಿದ್ದರೇನೋ, ಕೊರೊನಾ ಬಂದ ಮೇಲೆ ಎಲ್ಲರಿಗೂ ಅರ್ಥ ಗೊತ್ತು.

ಇಲ್ಲೊಂದು ಮಾತು. ಎದೆನೋವಿನ ದೂರು ಇಲ್ಲದವರಿಗೆ ಟಿಎಂಟಿ ಮಾಡಿದರೆ ಸುಳ್ಳು ಪಾಸಿಟಿವ್ ಬರುವುದು ಹೊಸದೇನಲ್ಲ. ಅಮೆರಿಕದ ರೋಗ ತಡೆ ಸೇವೆಗಳ ಕಾರ್ಯಪಡೆಯವರು 2018ರಲ್ಲೇ, ರೋಗಲಕ್ಷಣ ಇಲ್ಲದ, ಅಪಾಯ ಕಡಿಮೆ ಇರುವ ಜನರಿಗೆ ಸುಮ್ನೆ ಇಸಿಜಿ, ಟ್ರೆಡ್‌ಮಿಲ್ ಮಾಡಿ ಹೃದ್ರೋಗ ಹುಡುಕಬೇಡಿ ಅಂತ ಹೇಳಿದ್ದಾರೆ. ಭಾವನಿಗೆ ಬಿಪಿ, ಬೀಡಿ ಎರಡೂ ಇದ್ದುದರಿಂದ ಅಪಾಯ ಕಡಿಮೆ ಅನ್ನೋಕಾಗಲ್ಲ, ಒಪ್ಪುತ್ತೇನೆ. ಆದರೆ ಆ ಹತ್ತು ನಿಮಿಷ ಓಡಿದ್ದಾರಲ್ಲ, ಅದೇ ಒಂದು ಒಳ್ಳೆ ಸುದ್ದಿ. ಅಷ್ಟು ಓಡಬಲ್ಲವರ ಮುಂದಿನ ದಿನಗಳು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತವೆ. ವರದಿಯಲ್ಲಿ ಅದೂ ಇತ್ತು, ಸಣ್ಣ ಅಕ್ಷರದಲ್ಲಿ.

"ಬ್ಲಾಕ್ ಇರಬಹುದು, ಆಂಜಿಯೋಗ್ರಾಂ ಮಾಡಿ ನೋಡಿಬಿಡೋಣ. ಮತ್ತೆ ಕೊಡಗಿನಿಂದ ಬರೋದು ನಿಮಗೂ ಕಷ್ಟ, ಬಂದವರು ಬಂದಿದ್ದೀರಿ, ಇವತ್ತೇ ಮುಗಿಸೋಣ" ಅಂದರಂತೆ. 16,500 ಕಟ್ಟಿದರು. ಒಂದು ಫಾರಂಗೆ ಭಾವ ಸಹಿ ಹಾಕಿದರು. ಆಮೇಲೆ ನಾನು ಅದರ ನಕಲು ನೋಡಿದೆ. ಆಂಜಿಯೋಗ್ರಾಂ ಅಂತ ಬರೆದು ಪಕ್ಕದಲ್ಲಿ, ಬೇಕಾದರೆ ಆಂಜಿಯೋಪ್ಲಾಸ್ಟಿ ಅಂತಲೂ ಸೇರಿಸಿದ್ದರು. ಭಾವ ಅದನ್ನು ಓದಿರಲಿಲ್ಲ. ಓದಿದ್ದರೂ ಆಂಜಿಯೋಗ್ರಾಂ, ಆಂಜಿಯೋಪ್ಲಾಸ್ಟಿ ಎರಡೂ ಒಂದೇ ಥರ ಕೇಳಿಸುತ್ತದೆ, ಒಂದು ನಾಳದಲ್ಲಿ ಬ್ಲಾಕ್ ಇದೆಯಾ ಅಂತ ನೋಡೋದು, ಒಂದು ಬಲೂನು, ಸ್ಟೆಂಟ್ ಅನ್ನುವ ಲೋಹದ ಜಾಲರಿ ಕೊಳವೆ ಹಾಕಿ ನಾಳ ಅಗಲ ಮಾಡೋದು ಅಂತ ಯಾರು ಬಿಡಿಸಿ ಹೇಳಬೇಕು?

ಮಧ್ಯಾಹ್ನ ಎರಡೂಕಾಲಕ್ಕೆ ಅಕ್ಕ ಫೋನ್ ಮಾಡಿದಳು. ಮಳೆಗೆ ನೆಟ್‌ವರ್ಕ್ ಕಡಿದು ಕಡಿದು ಬರುತ್ತಿತ್ತು, ನಾನು ಅಂಗಡಿ ಬಿಟ್ಟು ರಸ್ತೆಯಾಚೆ ಬ್ಯಾಂಕಿನ ಮೆಟ್ಟಿಲ ಹತ್ತಿರ ನಿಂತು ಮಾತಾಡಿದೆ. ಅವಳು ಅಳುತ್ತಿದ್ದಳು. "ಲೋ, ಎಪ್ಪತ್ತು ಪರ್ಸೆಂಟ್ ಬ್ಲಾಕ್ ಅಂತೆ ಕಣೋ. ದೊಡ್ಡ ನರ ಅಂತೆ. ಗಾಜಿನ ರೂಮಿಗೆ ಕರೆದು ಟಿವಿಯಲ್ಲಿ ತೋರಿಸಿದ್ರು. ಈಗ್ಲೇ ಸ್ಟೆಂಟ್ ಹಾಕ್ಬೇಕಂತೆ, ನಿಮ್ಮೂರಲ್ಲಿ ರಾತ್ರಿ ಏನಾದ್ರೂ ಆದ್ರೆ ಮೂರು ಗಂಟೆ ದಾರಿ, ಏನ್ಮಾಡ್ತೀರಾ ಅಂದ್ರು. ಒಂದು ಲಕ್ಷ ಎಂಬತ್ತೈದು ಸಾವಿರ ಆಗುತ್ತೆ. ಹತ್ತು ನಿಮಿಷದಲ್ಲಿ ಹೇಳಿ ಅಂದಿದ್ದಾರೆ." ಮಗನಿಗೆ ಮೊದಲೇ ಫೋನ್ ಮಾಡಿದ್ದಳು. ಅವನು ದುಡ್ಡು ಹಾಕುತ್ತೇನೆ, ಮಾಡಿಸಿ ಅಂದಾಗಿತ್ತು. ಸಹಿ ಒಂದು ಬಾಕಿ.

ನನಗೂ ಕೈ ನಡುಗಿತು. ಆ ಕ್ಷಣಕ್ಕೆ "ಹಾಕಿಸಿಬಿಡು" ಅನ್ನೋದೇ ಬಾಯಿಗೆ ಬಂದದ್ದು. ಬೇಡ ಅಂದು ಏನಾದರೂ ಆದರೆ ಜೀವನಪೂರ್ತಿ ಆ ಮಾತು ನನ್ನ ತಲೆ ಮೇಲೆ. ಹಾಕಿಸು ಅಂದು ಏನಾದರೂ ಆದರೆ ವಿಧಿ ಅಂತಾರೆ. ಇಂಥ ಹೊತ್ತಲ್ಲಿ ನೆಂಟರು ಯಾಕೆ ಹೂಂ ಅನ್ನುತ್ತಾರೆ ಅನ್ನೋದು ನನಗೆ ಆ ಮೆಟ್ಟಿಲ ಮೇಲೆ ಗೊತ್ತಾಯಿತು.

ನನ್ನ ಜೊತೆ ಹೈಸ್ಕೂಲ್ ಓದಿದ ಒಬ್ಬ ಈಗ ಸರ್ಕಾರಿ ಆಸ್ಪತ್ರೆಯಲ್ಲಿ ಫಿಜಿಶಿಯನ್. ಅವನಿಗೆ ಫೋನ್ ಹಚ್ಚಿದೆ. ಪುಣ್ಯಕ್ಕೆ ಎತ್ತಿದ. ಮೂರೇ ಪ್ರಶ್ನೆ ಕೇಳಿದ. ಎದೆನೋವು ಯಾವಾಗಲಾದರೂ ಬಂದಿದೆಯಾ, ಅದರಲ್ಲೂ ಈಚೆಗೆ, ಸುಮ್ಮನೆ ಕೂತಾಗ? ಬ್ಲಾಕ್ ಇರೋದು ಲೆಫ್ಟ್ ಮೇನ್ ಅನ್ನೋ ಎಡಗಡೆಯ ಮುಖ್ಯ ನಾಳದಲ್ಲಾ? ಎಕೋದಲ್ಲಿ ಪಂಪಿಂಗ್ ಎಷ್ಟು? ಅಕ್ಕನಿಗೆ ಫೋನ್ ಮಾಡಿ ರಿಪೋರ್ಟ್ ಓದಿಸಿದೆ. ನೋವಿಲ್ಲ. ಲೆಫ್ಟ್ ಮೇನ್ ಸರಿ ಇದೆ. ಎಲ್‌ಎಡಿ ಅನ್ನುವ ನಾಳದ ಮಧ್ಯಭಾಗದಲ್ಲಿ 70, ಬಲಗಡೆಯದರಲ್ಲಿ 40. ಪಂಪಿಂಗ್ 60. "ಹಾಗಾದರೆ ಇದು ಎಮರ್ಜೆನ್ಸಿ ಅಲ್ಲ ಮಾರಾಯ. ಹಾಕಿಸಬೇಕೋ ಬೇಡವೋ ಆಮೇಲಿನ ಮಾತು, ಇವತ್ತೇ ಹಾಕಿಸಬೇಕಾಗಿಲ್ಲ. ಆಂಜಿಯೋಗ್ರಾಂ ಸಿಡಿ ತಗೊಂಡು ಬರೋಕೆ ಹೇಳು" ಅಂದ. ಫೋನ್ ಇಡುವ ಮೊದಲು ಇನ್ನೊಂದು ಕೇಳಿದ. "ಅಂದ ಹಾಗೆ, ನಿನ್ನ ಭಾವ ಏನಂತಾರೆ?"

ಭಾವ! ಅಕ್ಕನನ್ನು ಕೇಳಿದ್ದಾರೆ, ಬೆಂಗಳೂರಿನ ಮಗನನ್ನು ಕೇಳಿದ್ದಾರೆ, ಸೋಮವಾರಪೇಟೆಯ ನನ್ನನ್ನು ಕೇಳುತ್ತಿದ್ದಾರೆ. ಕೈ ಮಣಿಕಟ್ಟಿನಿಂದ ಮಾಡುವ ಆಂಜಿಯೋಗ್ರಾಂ ಅದು, ಪೂರ್ತಿ ಎಚ್ಚರವಾಗಿ ಟೇಬಲ್ ಮೇಲೆ ಮಲಗಿರುವ ಮನುಷ್ಯನನ್ನು ಒಬ್ಬರೂ ಕೇಳಿರಲಿಲ್ಲ.

ಅಕ್ಕ ಒಳಗೆ ಹೋಗಿ ಕೇಳಿದಳು. ಭಾವ ಏನೋ ದೊಡ್ಡ ವಿಚಾರ ಮಾಡಿ ಬೇಡ ಅಂದರು ಅಂತ ತಿಳಿಯಬೇಡಿ. "ನಂಗೇನೂ ಆಗಿಲ್ಲ. ಮಳೆ ಬಿಟ್ಟರೆ ನಾಳಿದ್ದು ಎರಡನೇ ಸುತ್ತು ಬೋರ್ಡೋ ಹೊಡೆಯೋರು ಬರ್ತಾರೆ, ಅಡ್ವಾನ್ಸ್ ಕೊಟ್ಟಾಗಿದೆ. ನಡೀರಿ" ಅಂದರಂತೆ. ಅಷ್ಟೇ. ವೈದ್ಯರ ಸಲಹೆ ಮೀರಿ ಹೋಗುತ್ತಿದ್ದೇವೆ, ಮುಂದಾಗುವುದಕ್ಕೆ ನಾವೇ ಹೊಣೆ ಅಂತ ಇನ್ನೊಂದು ಫಾರಂಗೆ ಸಹಿ ಹಾಕಿಸಿಕೊಂಡು ಬಿಟ್ಟರು. ವಾಪಸ್ ಬರುವಾಗ ಕಾರಲ್ಲಿ ಯಾರೂ ಮಾತಾಡಲಿಲ್ಲವಂತೆ. ಹುಣಸೂರಿನಲ್ಲಿ ಭಾವ ಮಾತ್ರ ಎರಡು ಮಸಾಲೆ ದೋಸೆ ತಿಂದರು.

ರಾತ್ರಿ ಅಳಿಯ ನನಗೆ ಫೋನ್ ಮಾಡಿ ಕೂಗಾಡಿದ. "ಮಾವ, ನೀವು ಮಾತ್ರೆ ಮಾರೋರು, ಹಾರ್ಟ್ ವಿಷಯ ನಿಮಗೇನ್ ಗೊತ್ತು?" ಅಂದ. ತಪ್ಪೇನೂ ಹೇಳಲಿಲ್ಲ ಅವನು. ಆಮೇಲೆ ತಿಂಗಳುಗಟ್ಟಲೆ ನನ್ನ ಜೊತೆ ಮಾತಿಲ್ಲ.

ಎರಡನೇ ಅಭಿಪ್ರಾಯ, ಮತ್ತು ನಾನು ಓದಿಕೊಂಡದ್ದು

ಸಿಡಿ ಅವತ್ತೇ ಕೊಡಲಿಲ್ಲ. ನಾಳೆ ಬನ್ನಿ, ಸಿಸ್ಟಂ ಸರಿ ಇಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲಿ, ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಇದೆ. ಅದನ್ನು ಬರೆದು ಇಮೇಲ್ ಹಾಕಿದ ಮೇಲೆ ಮೂರನೇ ದಿನ ಸಿಕ್ಕಿತು. ಇದು ಎಲ್ಲರಿಗೂ ಗೊತ್ತಿರಬೇಕಾದ ಸಂಗತಿ, ಸಿಡಿ ಇಲ್ಲದಿದ್ದರೆ ಎರಡನೇ ಡಾಕ್ಟರ್ ಮತ್ತೆ ಮೊದಲಿಂದ ಮಾಡಬೇಕಾಗುತ್ತಿತ್ತು.

ಹನ್ನೆರಡು ದಿನ ಬಿಟ್ಟು ಒಂದು ಸರ್ಕಾರಿ ಹೃದ್ರೋಗ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ನಾಲ್ಕು ಗಂಟೆ ಕಾದೆವು. ಡಾಕ್ಟರ್ ಸಿಡಿಯನ್ನು ಮೂರು ಸಲ ತಿರುಗಿಸಿ ನೋಡಿ, "ಅರವತ್ತು ಅಂತ ನಾನು ಹೇಳುತ್ತೇನೆ, ಅವರು ಎಪ್ಪತ್ತು ಅಂದಿದ್ದಾರೆ, ಕಣ್ಣಳತೆ ಅಲ್ವಾ" ಅಂದರು. ಆಮೇಲೆ ಭಾವನ ಕಡೆ ತಿರುಗಿ, "ದಿನಾ ಏನು ಕೆಲಸ ಮಾಡುತ್ತೀರಿ?" ಅಂತ ಕೇಳಿದರು. ಸ್ಪ್ರೇಯರ್ ಕತೆ ಹೊರಗೆ ಬಂದದ್ದು ಆಗ. ಡಾಕ್ಟರ್ ನಕ್ಕರು. ನಾಳದೊಳಗೆ ತಂತಿ ಬಿಟ್ಟು ಬ್ಲಾಕಿನ ಹಿಂದೆ ಮುಂದೆ ಒತ್ತಡ ಅಳೆಯುವ ಎಫ್‌ಎಫ್‌ಆರ್ ಅಂತ ಒಂದು ಪರೀಕ್ಷೆ ಇದೆಯಂತೆ, ಆಚೆಯ ಒತ್ತಡ ಈಚೆಯದರ 0.80 ಪಾಲು ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ಬ್ಲಾಕ್ ನಿಜಕ್ಕೂ ರಕ್ತ ತಡೆಯುತ್ತಿದೆ ಅಂತ ಅರ್ಥ. ಸ್ಟೆಂಟ್ ಹಾಕುತ್ತೇವೆ ಅಂದವರು ಅದನ್ನು ಮಾಡಿರಲಿಲ್ಲ. ಈಗ ಅದೂ ಬೇಡ, ನೋವು ಶುರುವಾದರೆ ನೋಡೋಣ ಅಂದರು. ರಕ್ತದ ಕೊಬ್ಬು ಇಳಿಸುವ ಸ್ಟಾಟಿನ್ ಜಾತಿಯ ಅಟೋರ್ವಾಸ್ಟಾಟಿನ್ 40, ಆಸ್ಪಿರಿನ್ 75, ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಅಮ್ಲೋಡಿಪಿನ್, ದಿನಾ ತಪ್ಪದೆ. ಬೀಡಿ ಬಿಡಲೇಬೇಕು. ಬೀಡಿ ಅಂದಾಗ ಮಾತ್ರ ಭಾವನ ಮುಖ ಸಣ್ಣದಾಯಿತು.

ಮನೆಗೆ ಬಂದು ನಾನು ಓದಲು ಕೂತೆ. ಇಸ್ಕೀಮಿಯಾ ಅನ್ನುವ ಹೆಸರಿನ ದೊಡ್ಡ ಅಧ್ಯಯನ ಒಂದಿದೆ, 2020ರಲ್ಲಿ ಪ್ರಕಟವಾದದ್ದು. 37 ದೇಶಗಳ 5,179 ಜನ, ನಮ್ಮ ದೇಶದವರೂ ಇದ್ದಾರೆ. ಎಲ್ಲರಿಗೂ ಪರೀಕ್ಷೆಯಲ್ಲಿ ಹೃದಯಕ್ಕೆ ರಕ್ತ ಕಡಿಮೆ ಹೋಗುತ್ತಿದೆ ಅಂತ ಸಾಕಷ್ಟು ಜೋರಾಗಿಯೇ ಬಂದಿತ್ತು. ಅರ್ಧ ಜನರಿಗೆ ನೇರ ಆಂಜಿಯೋಗ್ರಾಂ, ಆಮೇಲೆ ಸ್ಟೆಂಟ್ ಅಥವಾ ಬೈಪಾಸ್, ಜೊತೆಗೆ ಔಷಧಿ. ಇನ್ನರ್ಧಕ್ಕೆ ಮೊದಲು ಔಷಧಿ ಮಾತ್ರ. ಮೂರು ವರ್ಷದ ಮೇಲೆ ನೋಡಿದಾಗ ಸತ್ತವರು ಮೊದಲ ಗುಂಪಿನಲ್ಲಿ 145, ಎರಡನೆಯದರಲ್ಲಿ 144. ಹೃದಯಾಘಾತದ ಒಟ್ಟು ಲೆಕ್ಕದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಎದೆನೋವು ಇದ್ದವರಿಗೆ ಸ್ಟೆಂಟಿನಿಂದ ನೋವು ಕಡಿಮೆಯಾಯಿತು, ಅದು ನಿಜವಾದ ಲಾಭ. ನೋವೇ ಇಲ್ಲದವರಿಗೆ ಆ ಲಾಭವೂ ಇಲ್ಲ, ಇಲ್ಲದ ನೋವನ್ನು ಎಲ್ಲಿಂದ ಕಡಿಮೆ ಮಾಡುತ್ತಾರೆ? ಹೀಗೆ ಹೇಳಿದ್ದು ಇದೇ ಮೊದಲಲ್ಲ, 2007ರಲ್ಲೇ ಕರೇಜ್ ಅನ್ನುವ ಅಧ್ಯಯನ ಹತ್ತಿರ ಹತ್ತಿರ ಇದನ್ನೇ ಹೇಳಿತ್ತು. 2017ರಲ್ಲಿ ಇಂಗ್ಲೆಂಡಿನವರು ಇನ್ನೂ ವಿಚಿತ್ರವಾದ ಕೆಲಸ ಮಾಡಿದರು, 200 ಜನರಲ್ಲಿ ಅರ್ಧದಷ್ಟು ಜನರನ್ನು ಟೇಬಲ್ ಮೇಲೆ ಮಲಗಿಸಿ ಸ್ಟೆಂಟ್ ಹಾಕಿದ ಹಾಗೆ ನಾಟಕ ಮಾಡಿ ಕಳಿಸಿದರು (ಒಪ್ಪಿಗೆ ತೆಗೆದುಕೊಂಡೇ ಮಾಡಿದ್ದು, ಗಾಬರಿ ಬೇಡ). ಆರು ವಾರದ ಮೇಲೆ ಟ್ರೆಡ್‌ಮಿಲ್ ಮೇಲೆ ಎರಡೂ ಗುಂಪು ಹೆಚ್ಚುಕಮ್ಮಿ ಅಷ್ಟೇ ಹೊತ್ತು ನಡೆದರು. ಅದೇ ತಂಡ 2023ರಲ್ಲಿ, ನೋವಿನ ಔಷಧಿ ನಿಲ್ಲಿಸಿದ ರೋಗಿಗಳ ಮೇಲೆ ಮತ್ತೆ ಮಾಡಿದಾಗ ಸ್ಟೆಂಟಿನಿಂದ ಎದೆನೋವು ಇಳಿಯಿತು. ಅದನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ನನಗೆ ಬೇಕಾದ್ದನ್ನು ಮಾತ್ರ ಆರಿಸಿದ ಹಾಗಾಗುತ್ತದೆ.

ಬ್ಲಾಕ್ ತೆಗೆದರೂ ಹೃದಯಾಘಾತ ಯಾಕೆ ತಪ್ಪಲ್ಲ? ನನಗೂ ಮೊದಲು ತಲೆಗೆ ಹತ್ತಲಿಲ್ಲ. ನಾಳವನ್ನು ನಾವು ಪೈಪಿನ ಹಾಗೆ ಅಂದುಕೊಂಡಿದ್ದೇವೆ, ಕಸ ಕಟ್ಟಿದೆ, ಕಸ ತೆಗೆದರೆ ಸರಿ. ಆದರೆ ಹೃದಯಾಘಾತ ಹೆಚ್ಚಾಗಿ ಆಗುವುದು ನಾಳದ ಗೋಡೆಯೊಳಗಿನ ಕೊಬ್ಬಿನ ಗಂಟು ದಿಢೀರ್ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಒಡೆಯುವ ಗಂಟು ದೊಡ್ಡದೇ ಆಗಿರಬೇಕಾಗಿಲ್ಲ, ಮೂವತ್ತು ನಲವತ್ತು ಪರ್ಸೆಂಟಿನದೂ ಒಡೆಯಬಹುದು. ನಮಗೆ ಕೊಡಗಿನವರಿಗೆ ಇದನ್ನು ಅರ್ಥ ಮಾಡಿಕೊಳ್ಳೋದು ಸುಲಭ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜಾರಿತಲ್ಲ, ರಸ್ತೆ ಎಲ್ಲಿ ಕಿರಿದಾಗಿತ್ತು ಅಂತ ನೋಡಿಕೊಂಡು ಜಾರಿತಾ? ಒಳಗೆ ನೀರು ತುಂಬಿ ಮಣ್ಣು ಸಡಿಲವಾದ ಕಡೆ ಜಾರಿತು. ಸ್ಟೆಂಟ್ ಅಂದರೆ ಕಿರಿದಾದ ಒಂದು ತಿರುವನ್ನು ಅಗಲ ಮಾಡಿದ ಹಾಗೆ. ಇಡೀ ಗುಡ್ಡದ ಮಣ್ಣು ಗಟ್ಟಿ ಮಾಡುವ ಕೆಲಸ ಸ್ಟಾಟಿನ್ ಮಾತ್ರೆಯದು, ಬಿಪಿ ಹಿಡಿತದ್ದು, ಬೀಡಿ ಬಿಟ್ಟದ್ದರದ್ದು.

ಹಾಗಂತ ಸ್ಟೆಂಟ್ ಅಂದರೆ ಮೋಸ ಅಂತ ಯಾರೂ ಹೇಳಿಕೊಂಡು ಓಡಾಡಬೇಡಿ ದಯವಿಟ್ಟು. ಹೋದ ನವೆಂಬರ್‌ನಲ್ಲಿ ಒಬ್ಬರು ಅಂಗಡಿಗೆ ಬಂದು ಗ್ಯಾಸ್ ಮಾತ್ರೆ ಕೇಳಿದರು. ಆ ಚಳಿಯಲ್ಲಿ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಮಾತ್ರೆ ಕೊಡದೆ ಆಟೋ ಹತ್ತಿಸಿ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ. ಇಸಿಜಿ ತೆಗೆದು, ಹೃದಯಾಘಾತ ಅಂತ ಖಚಿತವಾಗಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಟ್ಟು ಮೈಸೂರಿಗೆ ಕಳಿಸಿದರು, ಮಾರನೆ ದಿನ ಸ್ಟೆಂಟ್ ಹಾಕಿದರು. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಆ ಚುಚ್ಚುಮದ್ದು ಉಚಿತ. ಆ ಮನುಷ್ಯ ಇವತ್ತು ಬದುಕಿದ್ದಾರೆ. ಹೃದಯಾಘಾತ ನಡೆಯುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತದೆ. ಲೆಫ್ಟ್ ಮೇನ್ ಬ್ಲಾಕ್, ಪಂಪಿಂಗ್ ತೀರಾ ಕಡಿಮೆ, ಮಾತ್ರೆ ತಿಂದರೂ ನಿಲ್ಲದ ಎದೆನೋವು, ಇವೆಲ್ಲ ಬೇರೆ ಲೆಕ್ಕ. ಇಸ್ಕೀಮಿಯಾ ಅಧ್ಯಯನದಲ್ಲಿ ಲೆಫ್ಟ್ ಮೇನ್‌ನವರನ್ನು ಸೇರಿಸಿಕೊಂಡೇ ಇರಲಿಲ್ಲ.

ಹಾಗಾದರೆ ತಪ್ಪಿದ್ದು ಎಲ್ಲಿ

ಆ ಡಾಕ್ಟರ್ ಕಳ್ಳ ಅಂತ ನಾನು ಹೇಳಲ್ಲ. ಅಕ್ಕ ಹೇಳುತ್ತಾಳೆ, ನಾನು ಹೇಳಲ್ಲ. ಕಣ್ಣೆದುರು ಪರದೆಯಲ್ಲಿ ನಾಳ ಕಿರಿದಾಗಿ ಕಂಡರೆ ಕೈ ತಾನಾಗಿ ಅದನ್ನು ಅಗಲ ಮಾಡಲು ಹೋಗುತ್ತದೆ. ಹೃದ್ರೋಗ ತಜ್ಞರೇ ಇದಕ್ಕೆ ಆಕ್ಯುಲೋಸ್ಟೆನೋಟಿಕ್ ರಿಫ್ಲೆಕ್ಸ್ ಅಂತ ತಮಾಷೆಯ ಹೆಸರು ಇಟ್ಟುಕೊಂಡಿದ್ದಾರೆ. ಅದರ ಜೊತೆಗೆ ಆಂಜಿಯೋಗ್ರಾಂ, ಸ್ಟೆಂಟ್ ಎಲ್ಲ ಮಾಡುವ ಕ್ಯಾಥ್‌ಲ್ಯಾಬಿನ ಸಾಲ, ಪ್ಯಾಕೇಜಿನ ಟಾರ್ಗೆಟ್, ನನಗೆ ಗಡಿಯಾರ ಕೊಟ್ಟ ಹುಡುಗನ ಸಂಬಳ. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧಿ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಬೆಲೆ ಕಟ್ಟಿತು, ಬರೀ ಲೋಹದ್ದಕ್ಕೆ 7,260, ಔಷಧಿ ಲೇಪಿಸಿದ್ದಕ್ಕೆ 29,600. ಆಮೇಲೆ ಆಗಾಗ ಪರಿಷ್ಕರಿಸಿದ್ದಾರೆ. ಭಾವನ ಅಂದಾಜು ಪಟ್ಟಿಯಲ್ಲಿ ಸ್ಟೆಂಟಿನ ಬಾಬ್ತು 40 ಸಾವಿರದೊಳಗೇ ಇತ್ತು, ಒಟ್ಟು ಮೊತ್ತ ಮಾತ್ರ 1,85,000. ಉಳಿದದ್ದೆಲ್ಲ ಬಲೂನು, ವೈರು, ಐಸಿಯು, ಪ್ರೊಸೀಜರ್ ಚಾರ್ಜು. ಸ್ಟೆಂಟಿನ ಬೆಲೆಗೆ ಬೇಲಿ ಹಾಕಿದರು, ಸುತ್ತಲಿನ ಜಾಗ ಬಯಲು.

ಆದರೆ ನನ್ನ ತಲೆಯಲ್ಲಿ ಉಳಿದುಕೊಂಡದ್ದು ದುಡ್ಡಲ್ಲ, ದೂರ. ಈ ಇಡೀ ಪ್ರಕರಣದಲ್ಲಿ ಒಂದೊಂದು ಮೆಟ್ಟಿಲಲ್ಲೂ ದೂರದ ಮಾತು ಬಂದಿದೆ, ನೋಡಿ. ಪ್ಯಾಕೇಜಲ್ಲಿ ಟಿಎಂಟಿ ಯಾಕೆ? ಇಷ್ಟು ದೂರ ಹೋಗಿ ಬರೀ ಇಸಿಜಿಗೆ ಬರೋದಾ. ಆಂಜಿಯೋಗ್ರಾಂ ಅವತ್ತೇ ಯಾಕೆ? ಮತ್ತೆ 4,500 ಕೊಟ್ಟು ಕಾರು ಮಾಡಬೇಕಲ್ಲ. ಸ್ಟೆಂಟ್ ಈಗಲೇ ಯಾಕೆ? ರಾತ್ರಿ ಏನಾದರೂ ಆದರೆ ಮೂರು ಗಂಟೆ ದಾರಿ. ಮೈಸೂರಿನಲ್ಲೇ ಇರುವವರಿಗೆ ಡಾಕ್ಟರ್ "ಮನೆಗೆ ಹೋಗಿ, ಯೋಚನೆ ಮಾಡಿ, ಸೋಮವಾರ ಬನ್ನಿ" ಅನ್ನಬಹುದು. ಘಟ್ಟದ ಮೇಲಿನಿಂದ ಬಂದವರಿಗೆ ಸೋಮವಾರವೇ ಇರಲ್ಲ. ಬಂದ ದಿನವೇ ಎಲ್ಲ ಮುಗಿಯಬೇಕು, ಡಾಕ್ಟರಿಗಿಂತ ಮುಂಚೆ ನಮಗೇ ಆ ಅವಸರ. ಮನೆಗೆ ನೆಂಟರು ಬಂದಾಗ ನಮ್ಮಲ್ಲಿ ಹೇಳುತ್ತೇವಲ್ಲ, ಬಂದವರು ಬಂದಿದ್ದೀರಿ ಊಟ ಮಾಡಿಕೊಂಡೇ ಹೋಗಿ ಅಂತ, ಅದೇ ದಾಟಿ ಅಲ್ಲಿ ಕ್ಯಾಥ್‌ಲ್ಯಾಬಿನ ಬಾಗಿಲಲ್ಲಿ.

ಇದೇ ದೂರ ಇನ್ನೊಂದು ಕಡೆ ಉಲ್ಟಾ ಕೆಲಸ ಮಾಡುತ್ತದೆ. ಎಸ್ಟೇಟಿನ ಲೈನ್‌ಮನೆಯಲ್ಲಿರುವ ಕೆಲಸದವರು ಎದೆ ಹಿಡಿದುಕೊಂಡು ಕೂತರೂ ನಾಳೆ ನೋಡೋಣ ಅಂತ ಶುಂಠಿ ಕಷಾಯ ಕುಡಿದು ಮಲಗುತ್ತಾರೆ. ಒಂದೇ ರಸ್ತೆ, ಐದೆಕರೆ ಇರುವವರಿಗೆ ಬೇಡದ ಚಿಕಿತ್ಸೆ ಕೊಡಿಸುತ್ತದೆ, ಇಲ್ಲದವರಿಗೆ ಬೇಕಾದದ್ದೂ ಸಿಗದ ಹಾಗೆ ಮಾಡುತ್ತದೆ.

ಇನ್ನು ಆ ಸಹಿ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದಿದೆ, ಸಮೀರಾ ಕೊಹ್ಲಿ ಪ್ರಕರಣ ಅಂತಲೇ ಹೆಸರು. ಒಬ್ಬ ಮಹಿಳೆ ಹೊಟ್ಟೆಯೊಳಗೆ ನೋಡುವ ಲ್ಯಾಪರೋಸ್ಕೋಪಿಗೆ ಒಪ್ಪಿ ಮಲಗಿದ್ದರು. ಪ್ರಜ್ಞೆ ಇಲ್ಲದ ಹೊತ್ತಿನಲ್ಲಿ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ತೆಗೆದುಕೊಂಡು ಗರ್ಭಕೋಶ, ಅಂಡಾಶಯ ತೆಗೆದುಬಿಟ್ಟರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಆಗಲ್ಲ, ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ ವಯಸ್ಕ ರೋಗಿಯ ಬದಲು ಬೇರೆಯವರು ಒಪ್ಪುವಂತಿಲ್ಲ ಅಂತ ಕೋರ್ಟ್ ಹೇಳಿತು. ಜೊತೆಗೆ ಮೊದಲೇ ಎರಡಕ್ಕೂ ಸೇರಿಸಿ ಒಪ್ಪಿಗೆ ತೆಗೆದುಕೊಳ್ಳಬಹುದು ಅಂತಲೂ ಹೇಳಿದೆ. ಭಾವ ಬೆಳಗ್ಗೆ ಸಹಿ ಹಾಕಿದ ಫಾರಂನಲ್ಲಿ "ಬೇಕಾದರೆ ಆಂಜಿಯೋಪ್ಲಾಸ್ಟಿ" ಅಂತ ಸೇರಿಸಿದ್ದರಲ್ಲ, ಅದು ಸುಮ್ನೆ ಸೇರಿಸಿದ್ದಲ್ಲ ಅಂತ ಆಗ ಹೊಳೆಯಿತು. ಆ ಸಾಲಿಗೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ "ಆಂಜಿಯೋಗ್ರಾಂ ಮಾತ್ರ" ಅಂತ ಬರೆದು ಸಹಿ ಹಾಕಬಹುದಿತ್ತು. ಈಗ ಅಂಗಡಿಗೆ ಬಂದು ಕೇಳಿದವರಿಗೆಲ್ಲ ನಾನು ಇದನ್ನು ಹೇಳುತ್ತೇನೆ.

ಸ್ಟೆಂಟ್ ಹಾಕಿಸಿದ್ದರೆ ಏನು ಮಹಾ ನಷ್ಟ ಆಗುತ್ತಿತ್ತು ಅಂತ ಅಳಿಯ ಕೇಳಿದ್ದ. ದುಡ್ಡು ಬಿಡಿ. ಸಾಮಾನ್ಯವಾಗಿ ಆರು ತಿಂಗಳು ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ನಮೂನೆಯ ಇನ್ನೊಂದು ಮಾತ್ರೆ, ಎರಡೂ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವಂಥವು, ಮಧ್ಯೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟುವ ಅಪಾಯ. ಜುಲೈ ತಿಂಗಳಲ್ಲಿ ಕಾಫಿ ತೋಟಕ್ಕೆ ಇಳಿದವರ ಕಾಲು ನೋಡಿದ್ದೀರಾ? ಜಿಗಣೆ ಕಚ್ಚಿದ ಜಾಗದಲ್ಲಿ ಮೊದಲೇ ರಕ್ತ ಬೇಗ ನಿಲ್ಲಲ್ಲ. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವ ಕೆಲಸ ಮಾಡುವಾಗ ಕತ್ತಿ ಜಾರುವುದು ಬೇರೆ. ಬಿಪಿ ಮಾತ್ರೆಯನ್ನೇ ನೆನಪಾದ ದಿನ ನುಂಗುವ ಮನುಷ್ಯ ಆ ಮಾತ್ರೆಯನ್ನು ಬಿಡದೆ ನುಂಗುತ್ತಿದ್ದರಾ, ನನಗೆ ನಂಬಿಕೆ ಇಲ್ಲ.

ಈಗ

ಇದು 2026ರ ಫೆಬ್ರವರಿ. ಅರೇಬಿಕಾ ಕೊಯ್ಲು ಮುಗಿದಿದೆ, ರೊಬಸ್ಟಾ ಕಣದಲ್ಲಿ ಒಣಗುತ್ತಿದೆ. ಡಿಸೆಂಬರ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದೆವು. ಕೆಟ್ಟ ಕೊಬ್ಬು ಎಲ್‌ಡಿಎಲ್ ಜುಲೈನಲ್ಲಿ 148 ಇದ್ದದ್ದು 68ಕ್ಕೆ ಇಳಿದಿದೆ. ಬಿಪಿ 126/78. ಮಾತ್ರೆ ತಪ್ಪಿಸದ ಹಾಗೆ ಅಕ್ಕ ಬೆಳಗಿನ ಕಾಫಿ ಲೋಟದ ಪಕ್ಕ ಇಡುತ್ತಾಳೆ. ಜನೌಷಧಿಯಲ್ಲಿ ತಿಂಗಳಿಗೆ 200 ರೂಪಾಯಿಯೊಳಗೆ ಆಗುತ್ತದೆ. ನನ್ನ ಅಂಗಡಿಯಲ್ಲಿ ಜಾಸ್ತಿಯಾಗುತ್ತದೆ, ಅದಕ್ಕೇ ಅಲ್ಲಿಗೆ ಕಳಿಸಿದೆ, ಅಕ್ಕನ ಹತ್ತಿರ ಲಾಭ ಮಾಡೋದು ಬೇಡ ಅಂತ.

ಬೀಡಿ ಏಳರಿಂದ ಎರಡಕ್ಕೆ ಬಂದಿದೆ. ಸೊನ್ನೆಯಾಗಿಲ್ಲ. ನಿಜ ಹೇಳಬೇಕಂದರೆ ನನಗೆ ಭಯ ಇರುವುದು ಆ ಎರಡರ ಮೇಲೆಯೇ.

ರಾತ್ರಿ ಹತ್ತರ ಮೇಲೆ ಅಕ್ಕನ ಮನೆಯಿಂದ ಫೋನ್ ಬಂದರೆ ಈಗಲೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಇಸ್ಕೀಮಿಯಾದಲ್ಲಿ ಬರೀ ಔಷಧಿ ಗುಂಪಿನವರಲ್ಲೂ ಐದರಲ್ಲಿ ಒಬ್ಬರಷ್ಟು ಜನ ಆಮೇಲೆ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡಿದ್ದಾರೆ. ಭಾವ ಆ ಐದರಲ್ಲಿ ಒಬ್ಬರಾದರೂ ಆಗಬಹುದು. ನೋವು ಬಂದರೆ ಹಾಕಿಸುತ್ತೇವೆ, ಅದಕ್ಕೆ ಯಾರ ತಕರಾರೂ ಇಲ್ಲ. ಎದೆ ಹಿಡಿದ ಹಾಗಾದರೆ ಗ್ಯಾಸ್ ಅಂತ ಕೂರಬಾರದು, ಮೊದಲು ತಾಲ್ಲೂಕು ಆಸ್ಪತ್ರೆ ಅಂತ ಅಕ್ಕನ ಅಡುಗೆಮನೆ ಗೋಡೆಗೆ ಫೋನ್ ನಂಬರ್ ಸಮೇತ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ.

ಕೌಂಟರಿನ ಕರಪತ್ರ ಕಿತ್ತು ಹಾಕಿದೆ. ಗಡಿಯಾರ ಇನ್ನೂ ಇದೆ, ಟೈಂ ಸರಿಯಾಗಿ ತೋರಿಸುತ್ತದೆ, ಆಸ್ಪತ್ರೆ ಹೆಸರಿನ ಮೇಲೆ ಪ್ಲಾಸ್ಟರ್ ಅಂಟಿಸಿದ್ದೇನೆ.

ಅಳಿಯ ಸಂಕ್ರಾಂತಿಗೆ ಬಂದಿದ್ದ. ಆ ವಿಷಯ ಎತ್ತಲಿಲ್ಲ. ಹೊರಡುವಾಗ, "ಮಾವ, ಆಫೀಸಲ್ಲಿ ಫ್ರೀ ಚೆಕಪ್, ಟಿಎಂಟಿನೂ ಇದೆ, ಮಾಡಿಸ್ಲಾ?" ಅಂತ ಕೇಳಿದ. ಅವನಿಗೆ 29. ಹಿಂದಿನ ತಿಂಗಳು ತಾನೇ ಗೆಳೆಯರ ಜೊತೆ ಪುಷ್ಪಗಿರಿ ಹತ್ತಿ ಇಳಿದಿದ್ದ. ಬಿಪಿ ನೋಡಿಸು, ರಕ್ತ ಪರೀಕ್ಷೆ ಮಾಡಿಸು, ಸಾಕು ಅಂದೆ.

ಭಾವನ ಮುಂದಿನ ತಪಾಸಣೆ ಜೂನ್‌ನಲ್ಲಿ. ಬೋರ್ಡೋ ಹೊಡೆದು ಮುಗಿದ ಮೇಲೆ ಅಂತ ಆಗಲೇ ಹೇಳಿಟ್ಟಿದ್ದಾರೆ.